ದಪ್ಪ ಅಲಗೋ, ತೆಳು ಅಲಗೋ? ಹೊರಗಿನ ಕೆಲಸಕ್ಕೆ ಒಂದು ಗಟ್ಟಿ ಚಾಕು ಆರಿಸುವ ಬಗೆ

ಚಾಕು ಕೊಳ್ಳಬೇಕು ಅಂತ ಅಂದುಕೊಂಡ ತಕ್ಷಣ ಹೆಚ್ಚಿನವರು ಕೇಳುವುದು ಯಾವ ಉಕ್ಕು ಒಳ್ಳೆಯದು ಅಂತ. ಅದು ಮೂರನೆಯದೋ ನಾಲ್ಕನೆಯದೋ ಪ್ರಶ್ನೆ ಆಗಬೇಕು. ಮೊದಲು ಕೇಳಿಕೊಳ್ಳಬೇಕಾದದ್ದು, ಈ ಚಾಕು ಹಿಡಿದು ನಾನು ನಿಜವಾಗಿ ಏನು ಮಾಡುತ್ತೇನೆ ಅಂತ. ಹಗ್ಗ ಕತ್ತರಿಸುವುದು, ಟೆಂಟಿನ ಗೂಟ ಚೂಪು ಮಾಡುವುದು, ಬೆಂಕಿ ಹಚ್ಚಲು ಕಡ್ಡಿ ಹೆರೆಯುವುದು, ತರಕಾರಿ ಹೆಚ್ಚುವುದು, ಮೀನು ಶುಚಿ ಮಾಡುವುದು, ಕೈಬೆರಳಿಗಿಂತ ಒಂಚೂರು ದಪ್ಪದ ಕಟ್ಟಿಗೆ ಸೀಳುವುದು. ನೂರಕ್ಕೆ ತೊಂಬತ್ತು ಕೆಲಸ ಇಷ್ಟೇ. ಕರಡಿಯ ಜೊತೆ ಕುಸ್ತಿ ಯಾರೂ ಮಾಡುವುದಿಲ್ಲ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ತಮಗೆ ಬೇಕಾದ್ದಕ್ಕಿಂತ ದಪ್ಪದ, ಉದ್ದದ, ಭಾರದ ಚಾಕು ಕೊಳ್ಳುತ್ತಾರೆ. ಆಮೇಲೆ ಅದು ಸರಿಯಾಗಿ ಕೊಯ್ಯುವುದಿಲ್ಲ ಅಂತ ಉಕ್ಕನ್ನು ಬೈಯುತ್ತಾರೆ. ತಪ್ಪು ಉಕ್ಕಿನದಲ್ಲ, ಆಕಾರದ್ದು.

ಮಡಚುವ ಚಾಕು ಸಾಲದಾ ಅಂತ ಕೇಳಬಹುದು. ಜೇಬಿನಲ್ಲಿ ಇಟ್ಟುಕೊಳ್ಳಲು ಅದೇ ಚೆನ್ನ. ಆದರೆ ಅದರ ಕೀಲಿನ ಸಂದಿಗೆ ಮಣ್ಣು, ಮೀನಿನ ಲೋಳೆ, ಮರದ ಅಂಟು ಹೋಗುತ್ತದೆ, ಒತ್ತಡ ಬಿದ್ದಾಗ ಮೊದಲು ಸಡಿಲವಾಗುವುದೂ ಆ ಕೀಲೇ, ಲಾಕ್ ಜಾರಿದರೆ ಅಲಗು ಮಡಚಿಕೊಳ್ಳುವುದು ನಿಮ್ಮ ಬೆರಳ ಮೇಲೇ. ಮಡಚದ ಚಾಕುವಿನಲ್ಲಿ ಈ ತಲೆನೋವು ಇಲ್ಲ. ತೊಳೆದು ಒರೆಸಿದರೆ ಮುಗಿಯಿತು.

ಉದ್ದ ಮತ್ತು ದಪ್ಪ

ಅಲಗಿನ ಉದ್ದ 9ರಿಂದ 12 ಸೆಂ.ಮೀ. ಇದ್ದರೆ ಸಾಕು. ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಂತ ಲೆಕ್ಕ. ಮೊನೆ ನಿಮ್ಮ ಮುಷ್ಟಿಯಿಂದ ದೂರ ಹೋದಷ್ಟೂ ಅದರ ಮೇಲಿನ ಹಿಡಿತ ಕಡಿಮೆ ಆಗುತ್ತದೆ, ಸಣ್ಣ ಕೆತ್ತನೆಗೆ ಅದು ದೊಡ್ಡ ತೊಂದರೆ. 15 ಸೆಂ.ಮೀ. ದಾಟಿದ ಚಾಕು ಕೊಳ್ಳುವವರು ಕೊಡುವ ಕಾರಣ ಒಂದೇ, ಕೊಂಬೆ ಕಡಿಯಬಹುದು ಅಂತ. ಕಡಿಯಬಹುದು ನಿಜ. ಆದರೆ ಒಂದು ಸಣ್ಣ ಮಡಚುವ ಗರಗಸ ಅದೇ ಕೊಂಬೆಯನ್ನು ಅರ್ಧ ಶ್ರಮದಲ್ಲಿ ಕೊಯ್ದು ಹಾಕುತ್ತದೆ. ಗರಗಸ ಮತ್ತು 10 ಸೆಂ.ಮೀ. ಚಾಕು, ಈ ಜೋಡಿ ಒಂದು 18 ಸೆಂ.ಮೀ. ಚಾಕುವಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನೊಂದು ಕಾರಣ ಕೊಡುತ್ತಾರೆ, ಕಟ್ಟಿಗೆ ಸೀಳುವುದು. ಅಲಗನ್ನು ಕಟ್ಟಿಗೆಯ ತಲೆಯ ಮೇಲೆ ಇಟ್ಟು, ಬೆನ್ನಿಗೆ ಒಂದು ದೊಣ್ಣೆಯಿಂದ ಬಡಿದು ಸೀಳುತ್ತಾರಲ್ಲ, ಅದು. ಇದಕ್ಕೆ ಮೊನೆ ಕಟ್ಟಿಗೆಯ ಆಚೆ ನಾಲ್ಕೈದು ಸೆಂ.ಮೀ. ಹೊರಗೆ ಬರಬೇಕು, ಇಲ್ಲದಿದ್ದರೆ ಅಲಗು ಒಳಗೆ ಹೋದ ಮೇಲೆ ಬಡಿಯಲು ಜಾಗವೇ ಉಳಿಯುವುದಿಲ್ಲ. ಅಂದರೆ 10 ಸೆಂ.ಮೀ. ಅಲಗಿನಿಂದ ಐದಾರು ಸೆಂ.ಮೀ. ದಪ್ಪದ ಕಟ್ಟಿಗೆ ಸೀಳಬಹುದು. ಬೆಂಕಿ ಹಚ್ಚುವುದಕ್ಕೆ ಅಷ್ಟು ಸಾಕು. ಅದಕ್ಕಿಂತ ದಪ್ಪ ಬೇಕಾದರೆ ಕೊಡಲಿ ಒಯ್ಯಿರಿ.

ಈಗ ದಪ್ಪದ ವಿಷಯ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಜಾಹೀರಾತುಗಳು ಹೆಚ್ಚು ದಾರಿ ತಪ್ಪಿಸುವುದು ಇಲ್ಲೇ. ಮಾರುಕಟ್ಟೆಯಲ್ಲಿ 2 ಮಿ.ಮೀ.ನಿಂದ 6 ಮಿ.ಮೀ. ದಾಟಿದ ಅಲಗುಗಳವರೆಗೂ ಸಿಗುತ್ತವೆ. ಒಂದು ಅಲಗು ಬಾಗದೆ ನಿಲ್ಲುವ ಗುಣ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಹಾಗಾದರೆ ದಪ್ಪವೇ ಒಳ್ಳೆಯದಲ್ವಾ ಅನ್ನಿಸಬಹುದು. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ: 2.5 ಮಿ.ಮೀ.ನಿಂದ 3.2 ಮಿ.ಮೀ.ಗೆ ಹೋದರೇ ಬಿಗಿ ಎರಡು ಪಟ್ಟಾಗಿಬಿಡುತ್ತದೆ. ಮಿಲಿಮೀಟರ್‌ನ ಮುಕ್ಕಾಲು ಭಾಗಕ್ಕಿಂತ ಕಡಿಮೆ ಸೇರಿಸಿ ಇಷ್ಟು ಸಿಗುತ್ತಿರುವಾಗ 6 ಮಿ.ಮೀ.ವರೆಗೆ ಯಾಕೆ ಹೋಗಬೇಕು? ದಪ್ಪ ಅಲಗು ಕ್ಯಾರೆಟ್ಟನ್ನು ಕೊಯ್ಯುವುದಿಲ್ಲ, ಬೆಣೆಯ ಹಾಗೆ ಒಳಗೆ ಹೊಕ್ಕು ಟಪ್ ಅಂತ ಸೀಳುತ್ತದೆ. ಮರ ಹೆರೆಯುವಾಗಲೂ ಕೈಗೆ ಜಾಸ್ತಿ ಒತ್ತಡ ಬೇಕು. ಜಾಸ್ತಿ ಒತ್ತಿದರೆ ಜಾರಿದಾಗ ಆಗುವ ಗಾಯವೂ ಆಳ.

ನನ್ನ ಲೆಕ್ಕದಲ್ಲಿ ಆಹಾರ ಮತ್ತು ಸಣ್ಣ ಕೆತ್ತನೆ ಮುಖ್ಯವಾದರೆ 2.5 ಮಿ.ಮೀ., ಎಲ್ಲ ಕೆಲಸಕ್ಕೂ ಒಂದೇ ಚಾಕು ಬೇಕಾದರೆ 3ರಿಂದ 4 ಮಿ.ಮೀ. ಐದರ ಮೇಲೆ ಹೋಗುವುದಾದರೆ ಅದಕ್ಕೊಂದು ಗಟ್ಟಿ ಕಾರಣ ಇರಬೇಕು.

ಅಲಗನ್ನು ಹೇಗೆ ಸವೆಸಿದ್ದಾರೆ

ದಪ್ಪಕ್ಕಿಂತಲೂ ಮುಖ್ಯ ಇದು, ಇದನ್ನು ಕೇಳುವವರೇ ಕಡಿಮೆ. ಬೆನ್ನಿನಿಂದ ಬಾಯಿಯವರೆಗೆ, ಅಂದರೆ ಕೊಯ್ಯುವ ಅಂಚಿನವರೆಗೆ, ಲೋಹವನ್ನು ಯಾವ ಆಕಾರಕ್ಕೆ ಸವೆಸಿ ಇಳಿಸಿದ್ದಾರೆ ಅನ್ನುವುದಕ್ಕೆ ಗ್ರೈಂಡ್ ಅನ್ನುತ್ತಾರೆ. ಒಂದೇ ಉಕ್ಕು, ಒಂದೇ ದಪ್ಪ, ಗ್ರೈಂಡ್ ಬೇರೆ ಆದರೆ ಚಾಕುವೇ ಬೇರೆ.

ಸ್ಕ್ಯಾಂಡಿ ಗ್ರೈಂಡ್‌ನಲ್ಲಿ ಅಲಗಿನ ಎರಡೂ ಪಕ್ಕ ಬಹುದೂರ ಚಪ್ಪಟೆಯಾಗಿ ಬಂದು, ಕೆಳಗೆ ಒಂದೇ ಅಗಲವಾದ ಇಳಿಜಾರು ನೇರವಾಗಿ ಬಾಯಿಗೆ ಸೇರುತ್ತದೆ. ಮರದ ಕೆಲಸಕ್ಕೆ ಇದನ್ನು ಮೀರಿಸುವುದು ಕಷ್ಟ. ಆ ಇಳಿಜಾರೇ ಮರದ ಮೇಲೆ ಕೂತು ನಿಮ್ಮ ಕೈಗೆ ದಾರಿ ತೋರಿಸುತ್ತದೆ. ಸಾಣೆ ಹಿಡಿಯುವುದೂ ಸುಲಭ, ಕೋನ ಊಹಿಸುವ ಗೋಜಿಲ್ಲ, ಇಳಿಜಾರನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಉಜ್ಜಿದರೆ ಆಯಿತು. ಹೊಸಬರಿಗೆ ನಾನು ಮೊದಲು ಹೇಳುವುದೇ ಇದನ್ನು. ಕೊರತೆಯೂ ಇದೆ. ಒಂದೊಂದು ಪಕ್ಕಕ್ಕೆ ಸುಮಾರು 11–12 ಡಿಗ್ರಿಯ ಬಾಯಿ ತುಂಬಾ ಹರಿತ, ಆದರೆ ನಾಜೂಕು. ಮೂಳೆಗೋ ಮರದ ಗಂಟಿಗೋ ತಾಗಿ ತಿರುಚಿದರೆ ಮಡಚಿಕೊಳ್ಳುತ್ತದೆ, ಇಲ್ಲವೇ ಸಣ್ಣ ಚೂರು ಎದ್ದುಬರುತ್ತದೆ. ಅದಕ್ಕೆ ಕೊನೆಯಲ್ಲಿ ಕೋನ ಸ್ವಲ್ಪ ಎತ್ತಿ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಬಾಯಿ ಗಟ್ಟಿಯಾಗುತ್ತದೆ.

ಫುಲ್ ಫ್ಲಾಟ್ ಅಂದರೆ ಬೆನ್ನಿನಿಂದಲೇ ಇಳಿಜಾರು ಶುರು, ಕೊನೆಯಲ್ಲಿ ಬಾಯಿಗೆ ಇನ್ನೊಂದು ಪುಟ್ಟ ಇಳಿಜಾರು. ಕೊಯ್ಯುವುದರಲ್ಲಿ, ಹೆಚ್ಚುವುದರಲ್ಲಿ ಇದೇ ಮುಂದೆ. ಅಡುಗೆ ಮತ್ತು ಕಟ್ಟಿಗೆ ಎರಡೂ ಒಂದೇ ಚಾಕುವಿನಲ್ಲಿ ಆಗಬೇಕು ಅನ್ನುವವರಿಗೆ ನನ್ನ ಮತ ಇದಕ್ಕೆ. ಆದರೆ ಮಸೆಯುವಾಗ ಪಕ್ಕಕ್ಕೆ 20 ಡಿಗ್ರಿಯ ಆಸುಪಾಸಿನ ಕೋನವನ್ನು ನೀವೇ ಕೈಯಲ್ಲಿ ಹಿಡಿದು ನಿಲ್ಲಿಸಬೇಕು, ಅದಕ್ಕೆ ರೂಢಿ ಬೇಕು.

ಕಾನ್ವೆಕ್ಸ್ ಅಂದರೆ ಪಕ್ಕಗಳು ಸಣ್ಣಗೆ ಉಬ್ಬಿಕೊಂಡೇ ಬಾಯಿಗೆ ಇಳಿಯುತ್ತವೆ. ಬಾಯಿಯ ಹಿಂದೆಯೇ ಲೋಹ ಜಾಸ್ತಿ ಇರುವುದರಿಂದ ಗಟ್ಟಿ, ಕಟ್ಟಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಕಡಿಮೆ. ಚಪ್ಪಟೆ ಕಲ್ಲಿನ ಮೇಲೆ ಆ ಉಬ್ಬನ್ನು ಕಾಪಾಡುವುದು ಕಷ್ಟ ಅಂತ ಹೆದರಿಸುತ್ತಾರೆ, ಅಷ್ಟೇನೂ ಇಲ್ಲ. ಮೆತ್ತನೆಯ ರಬ್ಬರ್ ಹಾಸಿನ ಮೇಲೆ ನಯವಾದ ಸ್ಯಾಂಡ್‌ಪೇಪರ್ ಇಟ್ಟು ಅಲಗನ್ನು ಹಿಂದಕ್ಕೆ ಎಳೆದರೆ ಹಾಸು ತಗ್ಗಿ ಆಕಾರ ತಾನೇ ಉಳಿಯುತ್ತದೆ. ಹಾಲೋ ಗ್ರೈಂಡ್, ಅಂದರೆ ಪಕ್ಕಗಳು ಒಳಕ್ಕೆ ತಗ್ಗಿದ್ದು, ಬೇಟೆಯ ಚರ್ಮ ಸುಲಿಯುವವರಿಗೆ ಸರಿ. ಕಟ್ಟಿಗೆಗೆ ಬೇಡ.

ಹಿಡಿಯ ಒಳಗೆ ಏನಿದೆ

ಅಲಗಿನ ಲೋಹ ಹಿಡಿಯ ಒಳಗೆ ಮುಂದುವರಿಯುವ ಭಾಗಕ್ಕೆ ಟ್ಯಾಂಗ್ ಅನ್ನುತ್ತಾರೆ. ಹಿಡಿಯಷ್ಟೇ ಉದ್ದ, ಅಷ್ಟೇ ಅಗಲ ಇದ್ದರೆ ಫುಲ್ ಟ್ಯಾಂಗ್. ಒಳಗೆ ಕಿರಿದಾಗಿ ಹೋದರೆ ಸ್ಟಿಕ್ ಟ್ಯಾಂಗ್. ಫುಲ್ ಟ್ಯಾಂಗ್ ಇಲ್ಲದಿದ್ದರೆ ಅದು ಚಾಕುವೇ ಅಲ್ಲ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ, ಸುಮ್ನೆ ನಂಬಬೇಡಿ. ಫಿನ್ಲೆಂಡಿನ ಪುಕ್ಕೊ ಚಾಕುಗಳು ಮೊದಲಿನಿಂದಲೂ ಸ್ಟಿಕ್ ಟ್ಯಾಂಗ್. ಅಮೆರಿಕದ ಮರೀನ್ ಪಡೆ 1942ರಲ್ಲಿ ಆರಿಸಿಕೊಂಡ ಕಾ-ಬಾರ್ ಚಾಕುವೂ ಅಷ್ಟೇ, ಕಿರಿದಾದ ಟ್ಯಾಂಗ್‌ಗೆ ಚರ್ಮದ ಬಿಲ್ಲೆಗಳನ್ನು ಪೋಣಿಸಿ ಒತ್ತಿ ಮಾಡಿದ ಹಿಡಿ. ಚೆನ್ನಾಗಿ ಮಾಡಿದ ಸ್ಟಿಕ್ ಟ್ಯಾಂಗ್ ಹಗುರ, ಚಳಿಯಲ್ಲಿ ಬರಿಗೈಗೆ ತಣ್ಣನೆಯ ಲೋಹ ತಾಗುವುದಿಲ್ಲ.

ಆದರೆ ಕಟ್ಟಿಗೆಯನ್ನು ಬಡಿದು ಸೀಳುವುದು ನಿಮ್ಮ ದಿನದ ಕೆಲಸ ಅಂತಾದರೆ ಫುಲ್ ಟ್ಯಾಂಗ್ ತಗೊಳ್ಳಿ. ಹಿಡಿ ಒಡೆದರೂ ಲೋಹಕ್ಕೆ ಹಗ್ಗ ಸುತ್ತಿ ಕೆಲಸ ಸಾಗಿಸಬಹುದು. ದೂರ ಇಡಬೇಕಾದ್ದು ಎರಡು: ಅಲಗಿನ ಹಿಂದೆ ಸಣ್ಣ ಸರಳೊಂದನ್ನು ಬೆಸುಗೆ ಹಾಕಿ ಹಿಡಿಯೊಳಗೆ ತೂರಿಸಿದ್ದು, ಮತ್ತು ಹಿಡಿಯೊಳಗೆ ಬೆಂಕಿಕಡ್ಡಿ, ಗಾಳ ಇಡುವ ಟೊಳ್ಳು ಹಿಡಿಯ ಅಗ್ಗದ ಚಾಕು. ಮೊದಲ ಜೋರು ಪೆಟ್ಟಿಗೆ ಇವು ಮುರಿಯುವುದು ಆ ಕೂಡುವ ಜಾಗದಲ್ಲೇ.

ಈಗ ಉಕ್ಕು

ಒಂದು ಕಡೆ ಕಾರ್ಬನ್ ಉಕ್ಕು, ಇನ್ನೊಂದು ಕಡೆ ಸ್ಟೇನ್‌ಲೆಸ್. ಕಾರ್ಬನ್ ಉಕ್ಕಿನಲ್ಲಿ ಹೆಚ್ಚು ಕಾಣುವುದು 1095 ಅನ್ನುವ ದರ್ಜೆ. ಅದರಲ್ಲಿ ಇಂಗಾಲ ಸುಮಾರು ಶೇ. 0.95. ಬೇಗ ಹರಿತವಾಗುತ್ತದೆ, ಪೆಟ್ಟು ತಡೆಯುತ್ತದೆ, ಒದ್ದೆ ಇಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕಿನ ಚುಕ್ಕಿ ಮೂಡುತ್ತದೆ. ಹುಳಿ ಹಣ್ಣು ಕೊಯ್ದರೆ ಕಪ್ಪಾಗುತ್ತದೆ. ಒರೆಸಿ, ಒಂದು ಹನಿ ಎಣ್ಣೆ ಸವರುವ ಅಭ್ಯಾಸ ಇದ್ದವರಿಗೆ ಇದೇನೂ ತೊಂದರೆ ಅಲ್ಲ. ಆ ಅಭ್ಯಾಸ ಇಲ್ಲದವರು, ಸಮುದ್ರದ ಹತ್ತಿರ ಓಡಾಡುವವರು, ಮೀನು ಹಿಡಿಯುವವರು ಸ್ಟೇನ್‌ಲೆಸ್ ತಗೊಳ್ಳುವುದೇ ಮೇಲು.

ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ ಶೇ. 10.5 ಕ್ರೋಮಿಯಂ ಬೇಕು. ಸ್ವೀಡನ್ನಿನ 12C27ರಲ್ಲಿ ಸುಮಾರು ಶೇ. 13.5, 14C28Nನಲ್ಲಿ ಶೇ. 14 ಇದೆ. ಎರಡೂ ಸುಲಭವಾಗಿ ಮಸೆಯಬಹುದಾದ, ನಂಬಬಹುದಾದ ಉಕ್ಕುಗಳು. ಇಲ್ಲಿ ಒಂದು ತಮಾಷೆ ಇದೆ. ಡಿ2 ಅನ್ನುವ ಉಕ್ಕಿನಲ್ಲೂ ಕ್ರೋಮಿಯಂ ಶೇ. 12ರ ಆಸುಪಾಸು, ಆದರೂ ತುಕ್ಕು ಹಿಡಿಯುತ್ತದೆ. ಯಾಕೆಂದರೆ ಅದರಲ್ಲಿ ಇಂಗಾಲವೂ ಶೇ. 1.5ರಷ್ಟಿದೆ, ಅದು ಕ್ರೋಮಿಯಂನ ದೊಡ್ಡ ಪಾಲನ್ನು ಕಾರ್ಬೈಡ್ ಹರಳುಗಳಾಗಿ ಕಟ್ಟಿಹಾಕುತ್ತದೆ, ತುಕ್ಕು ತಡೆಯಲು ಉಳಿಯುವುದು ಸ್ವಲ್ಪವೇ. ಆ ಹರಳುಗಳಿಂದಲೇ ಡಿ2 ಬಹುಕಾಲ ಹರಿತ ಉಳಿಸಿಕೊಳ್ಳುತ್ತದೆ, ಅವುಗಳಿಂದಲೇ ಪೆಟ್ಟಿಗೆ ಚೂರು ಏಳುವುದೂ ಜಾಸ್ತಿ. ಲೋಹದ ಪುಡಿಯಿಂದ ಮಾಡುವ ಹೊಸ ಉಕ್ಕುಗಳಲ್ಲಿ 3V ಅನ್ನುವುದು ಪೆಟ್ಟು ತಡೆಯುವುದರಲ್ಲಿ ಹೆಸರುವಾಸಿ, ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಲೋಹತಜ್ಞ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಹೊರಬಂದ ಮ್ಯಾಗ್ನಾಕಟ್‌ನಲ್ಲಿ ಗಟ್ಟಿತನವೂ ತುಕ್ಕು ತಡೆಯುವ ಗುಣವೂ ಒಟ್ಟಿಗೆ ಸಿಗುತ್ತವೆ. ದುಡ್ಡಿದ್ದರೆ ತಗೊಳ್ಳಿ, ಆದರೆ ಮೊಂಡಾದ ಮ್ಯಾಗ್ನಾಕಟ್‌ಗಿಂತ ಹರಿತವಾದ 12C27 ಯಾವತ್ತೂ ಮೇಲು.

ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ ದೊಡ್ಡದು. 1095ನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನಂತೆ ಮುರಿಯುವಷ್ಟು ಗಡಸಾಗುತ್ತದೆ, ಮತ್ತೆ 200 ಡಿಗ್ರಿಯ ಆಸುಪಾಸು ಕಾಯಿಸಿ ಹದಕ್ಕೆ ತರುತ್ತಾರೆ. ಈ ಎರಡು ಹೆಜ್ಜೆಯಲ್ಲಿ ಎಡವಿದರೆ ಎಂಥ ಉಕ್ಕೂ ವ್ಯರ್ಥ. ಬಕ್ ಕಂಪನಿ 420HC ಅನ್ನುವ ಸಾಧಾರಣ ಉಕ್ಕಿನಿಂದಲೇ ಒಳ್ಳೆ ಚಾಕು ಮಾಡಿ ಹೆಸರು ಗಳಿಸಿದ್ದು ಹದದಿಂದಲೇ. ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ, ಹೊರಗಿನ ಕೆಲಸದ ಚಾಕುವಿಗೆ 56ರಿಂದ 60 ಸರಿ. ಕಡಿಮೆಯಾದರೆ ಬಾಯಿ ಮಡಚುತ್ತದೆ, ತೀರಾ ಜಾಸ್ತಿಯಾದರೆ ಚೂರು ಏಳುತ್ತದೆ. ಹೊಸ ಚಾಕುವನ್ನು ಯಾವತ್ತೂ ಓಡುವ ಸಾಣೆ ಚಕ್ರಕ್ಕೆ ಒಡ್ಡಬೇಡಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅಲ್ಲಿ 300 ಡಿಗ್ರಿ ಹತ್ತಿರ ಬಿಸಿ ಏರಿದೆ, ಹದ ಹೋಗಿದೆ ಅಂತಲೇ ಅರ್ಥ.

ಹಿಡಿ, ಒರೆ, ಬೆನ್ನು

ಹಿಡಿಯ ಬಗ್ಗೆ ಫೋಟೋ ನೋಡಿ ಏನೂ ಹೇಳಲಾಗದು. ಬೆರಳಿನ ಆಕಾರಕ್ಕೆ ತೋಡಿದ ಹಿಡಿಗಳು ಅಂಗಡಿಯಲ್ಲಿ ಹಿತ ಅನ್ನಿಸುತ್ತವೆ, ಚಾಕುವನ್ನು ಬೇರೆ ರೀತಿ ಹಿಡಿದ ತಕ್ಷಣ ಆ ಏಣುಗಳೇ ಕೈಗೆ ಚುಚ್ಚುತ್ತವೆ. ಸಾದಾ, ಮೊಟ್ಟೆಯಾಕಾರದ, ನಡುವೆ ಸ್ವಲ್ಪ ತುಂಬಿಕೊಂಡ ಹಿಡಿಯೇ ಗುಳ್ಳೆ ಬರಿಸದೆ ದಿನವಿಡೀ ನಡೆಸುತ್ತದೆ. ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಮೈಕಾರ್ಟಾ ಒದ್ದೆಯಾದರೂ ಜಾರುವುದಿಲ್ಲ, ಗಾಜಿನ ನಾರು ಮತ್ತು ರಾಳದ ಜಿ10 ಗಟ್ಟಿ, ಮರ ಚಂದ, ಆದರೆ ನೀರಿಗೆ ಉಬ್ಬಿ ಒಣಗಿದಾಗ ಕುಗ್ಗುತ್ತದೆ. ರಬ್ಬರ್ ಹಿತ, ಆದರೆ ಸೊಳ್ಳೆ ಓಡಿಸುವ ಔಷಧಿಯಲ್ಲಿರುವ ಡೀಟ್ ಕೆಲವು ಪ್ಲಾಸ್ಟಿಕ್, ರಬ್ಬರುಗಳನ್ನು ಕರಗಿಸಿ ಅಂಟಂಟು ಮಾಡುತ್ತದೆ, ಕೈ ಒರೆಸಿಕೊಂಡು ಮುಟ್ಟಿ.

ಚರ್ಮದ ಒರೆ ಸದ್ದು ಮಾಡುವುದಿಲ್ಲ, ನೋಡಲೂ ಚಂದ. ಒದ್ದೆಯಾದರೆ ಒಣಗಲು ದಿನ ಹಿಡಿಯುತ್ತದೆ, ಒಳಗೆ ಕಾರ್ಬನ್ ಚಾಕು ಇಟ್ಟು ಮರೆತರೆ ತುಕ್ಕು ಖಂಡಿತ. ಕೈಡೆಕ್ಸ್ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಒರೆಯಲ್ಲಿ ಆ ಭಯ ಇಲ್ಲ, ತಳದಲ್ಲಿ ನೀರು ಹೋಗುವ ತೂತು ಇದೆಯಾ ಅಷ್ಟು ನೋಡಿ. ಒರೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಾಗ ಚಾಕು ಬಿದ್ದರೆ ಆ ಒರೆ ಬೇಡ. ಬಟ್ಟೆಯ ನೈಲಾನ್ ಒರೆಯೊಳಗೆ ಗಟ್ಟಿ ಲೈನರ್ ಇಲ್ಲದಿದ್ದರೆ ಮೊನೆ ಒಂದು ದಿನ ಅದನ್ನು ತೂರಿಕೊಂಡು ತೊಡೆಗೆ ಬರುತ್ತದೆ.

ಬೆನ್ನಿನ ಅಂಚು ಸರಿಯಾಗಿ 90 ಡಿಗ್ರಿಗೆ ಚೌಕವಾಗಿದ್ದರೆ ಫೆರೋ ಕಡ್ಡಿಯಿಂದ, ಅಂದರೆ ಹೆರೆದರೆ ಕಿಡಿ ಬರುವ ಲೋಹದ ಕಡ್ಡಿಯಿಂದ, ಕಿಡಿ ಹಾರಿಸಬಹುದು. ಇದಕ್ಕೆ ಕಾರ್ಬನ್ ಉಕ್ಕೇ ಬೇಕು ಅನ್ನುವುದು ತಪ್ಪು, ಕಿಡಿ ಬರುವುದು ಆ ಕಡ್ಡಿಯಿಂದ, ಚಾಕು ಬರೀ ಹೆರೆಯುತ್ತದೆ. ಚಕಮಕಿ ಕಲ್ಲಿನಲ್ಲಿ ಮಾತ್ರ ಕಿಡಿ ಉಕ್ಕಿನಿಂದ ಬರುತ್ತದೆ, ಅಲ್ಲಿ ಕಾರ್ಬನ್ ಬೇಕೇಬೇಕು. ಬೆನ್ನಿಗೆ ಬಣ್ಣದ ಲೇಪ ಇದ್ದರೆ ಅಷ್ಟು ಜಾಗ ಉಜ್ಜಿ ತೆಗೆಯಿರಿ. ಬೆನ್ನಿನ ಮೇಲೆ ಗರಗಸದ ಹಲ್ಲು ಇರುವ ಚಾಕುವನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗಿ, ಆ ಹಲ್ಲು ಕೊಯ್ಯುವುದೂ ಇಲ್ಲ, ದೊಣ್ಣೆಯನ್ನು ಮಾತ್ರ ಕಚ್ಚಿ ಹಾಳು ಮಾಡುತ್ತದೆ.

ಹೆಸರು ಹಿಡಿದು ಹೇಳುವುದಾದರೆ

ಸ್ವೀಡನ್ನಿನ ಮೋರಾ ಕಂಪ್ಯಾನಿಯನ್, ಸ್ಟೇನ್‌ಲೆಸ್: ಅಲಗು 10 ಸೆಂ.ಮೀ. ಚಿಲ್ಲರೆ, 2.5 ಮಿ.ಮೀ. ದಪ್ಪ, ಸ್ಕ್ಯಾಂಡಿ. ಟ್ಯಾಂಗ್ ಹಿಡಿಯ ಕೊನೆವರೆಗೆ ಹೋಗುವುದಿಲ್ಲ, ಬೆನ್ನೂ ಚೌಕವಲ್ಲ. ಆದರೂ ಇಷ್ಟು ಕಡಿಮೆ ಬೆಲೆಗೆ ಇಷ್ಟು ಚೆನ್ನಾಗಿ ಕೊಯ್ಯುವ ಇನ್ನೊಂದು ಚಾಕು ಹುಡುಕುವುದು ಕಷ್ಟ. ಮೊದಲ ಚಾಕು ಕೊಳ್ಳುವವರು ಇದನ್ನು ಕೊಂಡು, ಉಳಿದ ದುಡ್ಡಿಗೆ ಸಾಣೆ ಕಲ್ಲು ಮತ್ತು ಗರಗಸ ತಗೊಳ್ಳಲಿ. ಅದೇ ಕಂಪನಿಯ ಗಾರ್‌ಬರ್ಗ್ ಬಂದದ್ದು 2016ರಲ್ಲಿ. 3.2 ಮಿ.ಮೀ., 14C28N, ಫುಲ್ ಟ್ಯಾಂಗ್, ಚೌಕ ಬೆನ್ನು. ಒಂದೇ ಚಾಕು ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಫಾಲ್‌ಕ್ನಿವೆನ್ ಎಫ್1 ಸ್ವೀಡನ್ನಿನ ವಾಯುಪಡೆಯ ಪೈಲಟ್‌ಗಳಿಗೆ 1995ರಿಂದ ಕೊಡುತ್ತಿರುವ ಚಾಕು. 9.7 ಸೆಂ.ಮೀ., 4.5 ಮಿ.ಮೀ., ವಿಜಿ10 ಉಕ್ಕು, ಕಾನ್ವೆಕ್ಸ್. ಗಿಡ್ಡ, ಗಟ್ಟಿ, ತುಕ್ಕಿನ ಚಿಂತೆ ಇಲ್ಲ. ತರಕಾರಿ ಹೆಚ್ಚುವಾಗ ಮಾತ್ರ ಆ ದಪ್ಪ ಗೊತ್ತಾಗುತ್ತದೆ. ಇಎಸ್ಇಇ 4 ಅದರ ಎದುರಾಳಿ: 1095, 4.8 ಮಿ.ಮೀ., ಫ್ಲಾಟ್ ಗ್ರೈಂಡ್. ಹೇಗೆ ಮುರಿಯಿತು ಅಂತ ಕೇಳದೆ ಬದಲಿ ಕೊಡುವ ಜೀವನಪೂರ್ತಿ ಗ್ಯಾರಂಟಿ ಇದರ ದೊಡ್ಡ ಬಲ. ಇವೆರಡರಲ್ಲಿ, ಒದ್ದೆ ಜಾಗಕ್ಕೆ ಎಫ್1, ಚಾಕುವನ್ನು ಒರಟಾಗಿ ಬಳಸುವವರಿಗೆ ಇಎಸ್ಇಇ.

ಬೆಕರ್ ಬಿಕೆ2 ಬಗ್ಗೆಯೂ ಕೇಳುತ್ತಾರೆ. 6.3 ಮಿ.ಮೀ. ದಪ್ಪ, ಸುಮಾರು 450 ಗ್ರಾಂ. ಮುರಿಯುವುದಿಲ್ಲ, ಒಪ್ಪಿದೆ. ಆದರೆ ಅಷ್ಟು ತೂಕಕ್ಕೆ ಒಂದು ಪುಟ್ಟ ಕೊಡಲಿಯೇ ಬರುತ್ತದೆ, ಅದು ಕೊಡಲಿ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತದೆ.

ಕೈಗೆ ಬಂದ ಮೇಲೆ ನೋಡಬೇಕಾದ್ದು

ಮೊದಲು ಬೆನ್ನಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಅಲಗು ನೇರ ಇದೆಯಾ ಅಂತ. ಆಮೇಲೆ ಎರಡೂ ಪಕ್ಕದ ಇಳಿಜಾರು ಒಂದೇ ಎತ್ತರಕ್ಕೆ ಬಂದಿವೆಯಾ ನೋಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದರೆ ಚಾಕು ಮರದಲ್ಲಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಡಿಯ ಹಲಗೆ ಮತ್ತು ಟ್ಯಾಂಗ್ ನಡುವೆ ಉಗುರು ಓಡಿಸಿ, ಸಂದಿ ಸಿಕ್ಕಬಾರದು, ಅಲ್ಲಿ ನೀರು ನಿಂತು ಒಳಗಿಂದ ತುಕ್ಕು ಹಿಡಿಯುತ್ತದೆ. ಬೆಳಕಿಗೆ ಬಾಯಿಯನ್ನು ಎದುರಾಗಿ ಹಿಡಿಯಿರಿ, ಎಲ್ಲಿ ಮಿನುಗುತ್ತದೋ ಅಲ್ಲಿ ಮೊಂಡಾಗಿದೆ.

ಅಲಗಿನ ಮೇಲೆ ಬರೀ ಸ್ಟೇನ್‌ಲೆಸ್ ಅಥವಾ ಸರ್ಜಿಕಲ್ ಸ್ಟೀಲ್ ಅಂತ ಕೊರೆದಿದ್ದರೆ ಯಾವ ಉಕ್ಕು ಅಂತ ಅವರು ಹೇಳುತ್ತಿಲ್ಲ ಅಂತಲೇ ತಿಳಿಯಿರಿ. 440 ಅಂತಷ್ಟೇ ಇದ್ದರೂ ಹಾಗೇ, ಯಾಕೆಂದರೆ 440ಎ, 440ಬಿ, 440ಸಿ ಮೂರರಲ್ಲೂ ಇಂಗಾಲದ ಪ್ರಮಾಣ ಬೇರೆ. ಅಗ್ಗದ ಡಮಾಸ್ಕಸ್ ಅಲಗುಗಳಲ್ಲಿ ಅಲೆಅಲೆ ವಿನ್ಯಾಸ ಕಾಣುತ್ತದೆ, ಒಳಗಿನ ಉಕ್ಕು ಯಾವುದು, ಹದ ಹೇಗೆ ಅನ್ನುವುದು ಕಾಣುವುದಿಲ್ಲ. ಹೆಸರಾಂತ ಕಂಪನಿಗಳ ನಕಲಿಯೂ ಬರುತ್ತದೆ, ಬೆಲೆ ಎಲ್ಲ ಕಡೆಗಿಂತ ಅರ್ಧ ಇದ್ದರೆ ಅನುಮಾನ ಪಡಿ, ಕಂಪನಿಯೇ ಹೆಸರಿಸಿದ ಮಾರಾಟಗಾರರಿಂದ ಕೊಳ್ಳಿ. ಅಲಗಿನ ಉದ್ದಕ್ಕೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದಕ್ಕೆ ನೀವಿರುವ ಕಡೆ ಕಾನೂನು ಏನು ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ, ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು.

ಈ ಪರೀಕ್ಷೆಯೆಲ್ಲ ಚಾಕು ಬಂದ ದಿನವೇ ಮಾಡಿ. ಒಮ್ಮೆ ಕಲ್ಲಿಗೆ ತಾಗಿಸಿದ ಚಾಕುವನ್ನು ಹೆಚ್ಚಿನ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ.